ಐಸಿನ ಮೇಲೆ ನಿಂತ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಷ್ಟು ಹಿಮಾಲಯವನ್ನು ಬಲ್ಲವರು ಅಜ್ಜಂಪುರದಲ್ಲಿ ಇನ್ನೊಬ್ಬರಿರಲಿಲ್ಲ. ಅವರು ನೋಡಿದ್ದ ಹಿಮವೆಂದರೆ ಆಲಿಕಲ್ಲು ಮಾತ್ರ!

ಎಪ್ಪತ್ತರ ದಶಕದ ಮಾತು. ಕೆಲವು ವಿವರ ತಪ್ಪಿರಬಹುದು. ನನ್ನ ಡೈರಿ ಒಂದು ಹೇಳುತ್ತದೆ, ನೆನಪು ಇನ್ನೊಂದು. ಎರಡನ್ನೂ ನಾನು ಪೂರ್ತಿ ನಂಬುವುದಿಲ್ಲ.

ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನನಗೆ ಹಿಮಾಲಯದಲ್ಲಿ ಹಿಮಗೋಡೆ ಹತ್ತುವ ತರಬೇತಿಗೆ ಕರೆ ಬಂದಿತ್ತು. ಚಳಿ ತಡೆಯುವ ಬೂಟು ನಾವೇ ತರಬೇಕು. ಅಪ್ಪ ಒಪ್ಪಿಗೆಯ ಕಾಗದವನ್ನು ಎರಡು ಸಲ ಓದಿ, "ಬೂಟು ಸರಿ ಐತೆ ಅಂತ ನಿಮ್ಮ ಚಿಕ್ಕಪ್ಪ ಅಂದ್ರೆ ಸೈನ್ ಹಾಕ್ತೀನಿ" ಎಂದರು. ಚಿಕ್ಕಪ್ಪನೇ ಏಕೆ? ನಮ್ಮಿಬ್ಬರ ಪಾದವೂ ಒಂದೇ ಅಳತೆ! "ನಿಂಗೆ ಗಂಡು ಸಿಕ್ಕಾನು, ಚಪ್ಲಿ ಸಿಗಲ್ಲ ಕಣೇ" ಎಂದು ಅಜ್ಜಿ ನಗುತ್ತಿದ್ದಳು.

ಮೊದಲ ಜೊತೆಯನ್ನು ಚಿಕ್ಕಪ್ಪ ತರೀಕೆರೆಯಲ್ಲಿ ಹೊಲಿಸಿದರು. ಎರಡು ಪದರ ಚರ್ಮ, ನಡುವೆ ಮರದ ಹೊಟ್ಟು.

"ಹೊಟ್ಟು ಯಾಕೆ ಚಿಕ್ಕಪ್ಪ?"

"ಬಿಸಿಲಲ್ಲಿ ಐಸನ್ನೇ ಕಾಪಾಡೋ ಹೊಟ್ಟು, ನಿನ್ ಕಾಲ್ ಕಾಪಾಡಲ್ವೇನೆ?"

ವಾದದಲ್ಲಿ ತಪ್ಪು ಹುಡುಕಲು ನನ್ನ ಎಂ.ಎ. ಸಾಲಲಿಲ್ಲ. ಚಿಕ್ಕಪ್ಪ ಅದನ್ನು ತೊಟ್ಟು ಬುಕ್ಕಾಂಬುಧಿ ಕೆರೆಯ ಏರಿಗೆ ಹೋಗಿ, ಬೂಟಿನ ಮೂತಿಯಿಂದ ಕಲ್ಲುಗಳನ್ನು ಒದ್ದು ಒದ್ದು ಹತ್ತಿದರು.

"ಏನ್ ಯಜಮಾನ್ರೆ, ಏರಿ ಒಡ್ದು ನೀರ್ ಬಿಡ್ತೀರಾ?" ಎಂದ ದನ ಮೇಯಿಸುವವನೊಬ್ಬ.

"ಇದು ಐಸು ಅಂತ ತಿಳ್ಕೊಳಯ್ಯಾ!"

ಹೊಲಿಗೆ ಬಿಟ್ಟಿತು. ಮನೆಯ ತನಕ ದಾರಿಯುದ್ದಕ್ಕೂ ಹೊಟ್ಟು ಸುರಿಯಿತು. ಕಾಳೆಂದುಕೊಂಡ ಊರ ಕೋಳಿಗಳೆಲ್ಲ ಅವರ ಹಿಂದೆ ಮೆರವಣಿಗೆ ಬಂದವು!

ಎರಡನೆಯ ಜೊತೆ ಕಡೂರಿನ ನಿವೃತ್ತ ಸಿಪಾಯಿಯೊಬ್ಬರದು. ಬಗ್ಗದ ಅಟ್ಟೆ, ಬೂಟಿನೊಳಗೆ ದಪ್ಪ ಉಣ್ಣೆಯ ಇನ್ನೊಂದು ಬೂಟು. ಪರೀಕ್ಷೆಗೆಂದು ಅಲ್ಲಿಂದಲೇ ಗೋಣಿಯಲ್ಲಿ ಐಸನ್ನೂ ತಂದರು. ಬಂಡೆಯಾಗಿ ಬಸ್ಸು ಹತ್ತಿದ್ದು ಬೀಸುವ ಕಲ್ಲಿನಷ್ಟಾಗಿ ಇಳಿಯಿತು.

ಸುಡುವ ಮಧ್ಯಾಹ್ನ, ಅಂಗಳದ ನಡುವೆ ಚಿಕ್ಕಪ್ಪ ಆ ಬೂಟು ತೊಟ್ಟು ಐಸಿನ ಮೇಲೆ ಕಣ್ಣು ಮುಚ್ಚಿ ನಿಂತರು. ಪಾದದ ಸುತ್ತ ತೆಳ್ಳನೆಯ ಹಬೆ ಎದ್ದಿತು. ತೆಂಗಿನ ಮರಗಳು ದೂರ ಸರಿದಂತೆ, ಅವರ ಹಿಂದೆ ಬಿಳಿಯ ಶಿಖರಗಳು ಸದ್ದಿಲ್ಲದೆ ಬಂದು ನಿಂತಂತೆ ನನಗೆ ಕಂಡಿತು. ಆಗಲೇ ನಾನು ಆ ಶಿಖರಗಳ ಬುಡದಲ್ಲಿದ್ದೆ.

"ಹೆಂಗೈತೋ?" ಎಂದರು ಅಪ್ಪ.

ಚಿಕ್ಕಪ್ಪ ಕಣ್ಣು ತೆರೆದು ಮೊದಲು ನನ್ನನ್ನು ನೋಡಿದರು. "ಬೆರಳು ಮರಗಟ್ಟಿ ಹೋದ್ವು ಕಣಣ್ಣ. ಇವು ಬ್ಯಾಡ."

ಅಪ್ಪ ಕಾಗದ ಮಡಚಿದರು. ಕೊನೆಯ ದಿನಾಂಕ ಕಳೆದುಹೋಯಿತು.

ಆ ಮಧ್ಯಾಹ್ನ ಅವರು ಕಳಚಿಟ್ಟ ಬೂಟಿನೊಳಗೆ ನಾನು ಕೈ ಹಾಕಿದ್ದೆ. ಆಗಷ್ಟೇ ಎದ್ದವರ ಹಾಸಿಗೆಯಂತೆ ಬೆಚ್ಚಗಿತ್ತು. ಇದು ಡೈರಿಯಲ್ಲಿಲ್ಲ, ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ.

ಎಷ್ಟೋ ವರ್ಷಗಳ ಮೇಲೆ ಊರಿಗೆ ಹೋದಾಗ ಚಿಕ್ಕಪ್ಪ ಜಗಲಿಯಲ್ಲಿ ಕೂತು ಅದೇ ಬೂಟಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಬೇಡವೆಂದದ್ದನ್ನು ವಾಪಸು ಕೊಟ್ಟೇ ಇರಲಿಲ್ಲ. ಪ್ರತಿ ಬೇಸಿಗೆಯೂ ತಿಕ್ಕುತ್ತಾರಂತೆ, ಚರ್ಮ ಬಿರಿಯಬಾರದೆಂದು. ನಾನು ಪಕ್ಕದಲ್ಲಿ ಕೂತೆ. ಅವರು ಒಂದು ಬೂಟು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡರು, ತಲೆ ಎತ್ತಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಕ್ಕಪ್ಪ, ಅವತ್ತು ನಿಮ್ಮ ಕಾಲು ನಿಜವಾಗ್ಲೂ ಮರಗಟ್ಟಿತ್ತಾ?"