ಎಲ್ಕ್ ಜೀವಾ ಉಳಸಾಕ ಹೋಗಿ

ಇದರಾಗ ಒಂದು ಅಕ್ಷರ ಸುಳ್ಳಿದ್ರ ನಾಳಿಯಿಂದ ನನ್ನ ರೊಟ್ಟಿ ಉಬ್ಬಬಾರದು. ಈಸ್ಟ್ ಬ್ರನ್ಸ್‌ವಿಕ್‌ನಿಂದ ಜೆರಿಕೋ ತನಕ, ಅಮೇರಿಕದಾಗಿನ ನಮ್ಮ ಮಂದಿಗೆ ಜೋಳದ ರೊಟ್ಟಿ ಅಂದ್ರ ನಂದ. ವ್ಯಾನಿನ್ಯಾಗ ಹೇರಿಕೊಂಡು ಮನಿಮನಿಗೆ ಮುಟ್ಟಸ್ತೀನಿ. ನಾಲ್ಕನೇ ಇಯತ್ತೆಕ್ಕ ಸಾಲಿ ಬಿಟ್ಟಾಂವ ನಾ, ಆದ್ರ ಡಾಕ್ಟರು, ಇಂಜಿನಿಯರು ನನ್ನ ಫೋನಿಗೆ ಕಾಯ್ತಾರ. ಇಂಥಾ ಶಾಣ್ಯಾ ಮನಷ್ಯಾ ಪುಣ್ಯಾ ಮಾಡಾಕ ಹೋದಾಗೆಲ್ಲ ಹಿಂಗ ಆಗ್ತದ.

೧. ಚೀಟಿ

ನಮ್ಮ ಬಾಜೂ ಮನಿ ಅಮೇರಿಕದಾಂವ ಬೇಟೆಗಾರ. ಪೆನ್ಸಿಲ್ವೇನಿಯಾ ಕಾಡಿನ್ಯಾಗ ಎಲ್ಕ್ ಅಂತ ಅದಾವ, ಕುದುರಿಯಷ್ಟು ಎತ್ತರದ ಜಿಂಕಿ ಅಂದ. ವರ್ಷಾ ಸರ್ಕಾರದೋರು ಚೀಟಿ ಎತ್ತತಾರ. ಹೆಸರು ಬಂದಾಂವ ರೊಕ್ಕಾ ಕಟ್ಟಿ ಒಂದು ಹೊಡೀಬಹುದು. ಆ ರೊಕ್ಕದಾಗ ಉಳಿದ ಹಿಂಡಿಗೆ ಹುಲ್ಲು ಬೆಳಸ್ತಾರ.

ನಾ ವಿಚಾರ ಮಾಡಿದೆ. ಚೀಟಿ ನನಗ ಬಂದ್ರ ನಾ ಹೊಡಿಯಾಂಗಿಲ್ಲ, ಒಂದು ಜೀವಾ ಉಳೀತು. ಹೆಸರು ಬರಸಿದೆ. ಬಂತು. ಬಾಜೂ ಮನ್ಯಾಂವ ಗಡ್ಡ ಕರೇದಿದ್ದಾಗಿಂದ ಬರಸಾಕತ್ತಾನ, ಈಗ ಗಡ್ಡ ಪೂರಾ ಬೆಳ್ಳಗ.

"ನಿಮಗ ಬಂದೂಕಿನ ಮುಂದ್ಯಾವುದು ಹಿಂದ್ಯಾವುದು ಗೊತ್ತಿಲ್ಲ" ಅಂದ್ಲು ನಮ್ಮಾಕಿ.

"ಹೊಡಿಯಾಂವಗ ಬೇಕದು" ಅಂದೆ.

೨. ಸಾಲಿ

ಬಂದೂಕಿನ ಕ್ಲಾಸ್ ಮುಗಿಸಲಾರದ ಲೈಸೆನ್ಸ್ ಕೊಡಾಂಗಿಲ್ಲಂತ. ಮೀಸಿ ಚಿಗರದ ಹುಡುಗರ ನಡುವ ಕುಂತೆ. ಬಂದೂಕಿನಿಂದ ಯಾವಾಗ ಅಪಾಯಿಲ್ಲ ಅಂತ ಮಾಸ್ತರ ಕೇಳಿದ. ಗುಂಡು ತಗದಾಗ, ಲಾಕ್ ಹಾಕಿದಾಗ ಅಂದ್ವು ಹುಡುಗರು.

"ನನ್ನ ಕೈಯಾಗಿದ್ದಾಗ, ಸರ್" ಅಂದೆ ನಾ.

ಪಾಸ್ ಮಾಡಿದ.

೩. ಸಭಾ

ಎಲ್ಕ್ ಉಳಸೀನಿ ಅಂತ ದೇವಸ್ಥಾನದಾಗ ಹೋಳಿಗಿ ಹಂಚಿದೆ. ಆಮ್ಯಾಲ ಚೀಟಿ ಬಂದವರಿಗೆಲ್ಲ ಪೆನ್ಸಿಲ್ವೇನಿಯಾದಾಗ ಸಭಾ ಕರದ್ರು. ನಮ್ಮಾಕಿನ್ನ ಕೂಡಿಸಿಕೊಂಡು ಹೋದೆ. ಎದ್ದು ನಿಂತು, "ನಾ ನಂದು ಹೊಡಿಯಾಂಗಿಲ್ಲ" ಅಂದೆ.

ಅಧಿಕಾರಿ ಹೆಣ್ಣಮಗಳು, ಭಾಳ ಮರ್ಯಾದಿಲೆ ಮಾತಾಡಿದ್ಲು. "ಥ್ಯಾಂಕ್ ಯೂ ಸರ್. ಆದ್ರ ಮೇವಿಗೆ ತಕ್ಕಷ್ಟ ಹಿಂಡು ಇರಬೇಕು. ನೀವು ಬಿಟ್ಟಿದ್ದನ್ನ ಮುಂದಿನ ವರ್ಷದ ಪ್ಲಾನಿನ್ಯಾಗ ಹಿಡದು, ಒಂದು ಲೈಸೆನ್ಸ್ ಹೆಚ್ಚಿಗಿ ಕೊಡ್ತೀವಿ."

"ಅದನ್ನೂ ನನಗ ಕೊಡ್ರಿ."

"ಒಮ್ಮೆ ಬಂದವರಿಗೆ ಮತ್ತ ಭಾಳ ವರ್ಷ ಬರಾಂಗಿಲ್ಲ."

ಹೊರಗ ಬಂದಮ್ಯಾಲ ನಮ್ಮಾಕಿ, "ಜೀವಾ ಉಳಸಲಿಲ್ಲ, ಒಂದು ವರ್ಷದ ವಾಯಿದೆ ಕೊಡಿಸಿದ್ರಿ" ಅಂದ್ಲು.

೪. ಗುದ್ದು

ಹೊಳ್ಳಿ ಬರೋವಾಗ ರಸ್ತೆ ಬಾಜೂ ವ್ಯಾನ್ ನಿಲ್ಲಿಸಿ ಒಳಗ ಕುಂತು ಬುತ್ತಿ ಬಿಚ್ಚಿದ್ವಿ. ಗಿಡದ ಹಿಂದಿಂದ ಒಂದು ಗಂಡು ಎಲ್ಕ್ ಬಂತು. ಗಂಡು ಗಂಡು ಕಾದಾಡೋ ಬೆದಿ ಹಂಗಾಮು. ಹಿಂದಿನ ದಿನಾನ ನಾ ವ್ಯಾನ್ ತಿಕ್ಕಿ ತೊಳದಿದ್ದೆ, ಅದರಾಗ ತನ್ನ ಮುಖಾ ಕಂಡು ಇನ್ನೊಂದು ಗಂಡು ಅಂತ ತಿಳೀತು. ಬಾಗಲಾ ಹರೀತು, ಮುಂದ ಬಂದು ರೇಡಿಯೇಟರಿಗೆ ತಿವೀತು, ಇಂಜಿನ್ ನೀರೆಲ್ಲಾ ಸುರೀತು. ಆಮ್ಯಾಲ ಗತ್ತಿಲೆ ನಡಕೊಂತ ಹೋತು.

"ಇದನ್ನೇನ್ರಿ ನೀವು ಉಳಸಿದ್ದು?" ಅಂದ್ಲು ನಮ್ಮಾಕಿ, ಸೀಟಿನ ಕೆಳಗಿಂದ.

ಫೋನ್ ಮಾಡಿದಮ್ಯಾಲ ಕಾಡಿನ ಸಾಹೇಬ ಬಂದ. ನನ್ನ ಲೈಸೆನ್ಸ್ ನೋಡಿದ, ವ್ಯಾನ್ ನೋಡಿದ. ನನ್ನ ಇನ್ಶೂರೆನ್ಸ್ ಎದುರಿನವರಿಗೆ ಪೆಟ್ಟಾದ್ರ ಮಾತ್ರ ಕೊಡೋವಂಥಾದ್ದು. ಎದುರಿನವಗ ಒಂದು ಗೀರೂ ಆಗಿದ್ದಿಲ್ಲ.

"ನಿಮ್ಮ ಎಲ್ಕ್, ನೀವ ತುಂಬಿಕೊಡ್ರಿ" ಅಂದೆ.

"ಕಾಡುಪ್ರಾಣಿ ಸರ್. ಅದು ಮಾಡಿದ್ದಕ್ಕ ಸರ್ಕಾರ ಜವಾಬ್ದಾರಲ್ಲ."

ಹುಲ್ಲಿಗೆ ರೊಕ್ಕಾ ಎಣಿಸಿಕೊಳ್ಳೋವಾಗ ಅದು ಸರ್ಕಾರದ್ದು. ಗುದ್ದಿದಮ್ಯಾಲ ಯಾರದೂ ಅಲ್ಲ. ವ್ಯಾನಿಲ್ಲ, ರೊಟ್ಟಿ ಧಂದೆ ನಿಂತದ. ಲೈಸೆನ್ಸು, ಕ್ಲಾಸು, ವ್ಯಾನು ಕೂಡಿ ಹೋಗಿದ್ದು ನಾಲ್ಕು ಸಾವಿರದ ಮುನ್ನೂರ ಹನ್ನೊಂದು ಡಾಲರ್ ಎಪ್ಪತ್ತು ಸೆಂಟ್.