ದೊರೆಸಾನಿಯ ಎಡಗೆನ್ನೆ

ನಂಜನಗೂಡು ತಾಲ್ಲೂಕಿನ ಯಾವ ಮನೆಗಾದರೂ ಹೋಗಿ, ಗೋಡೆಯ ಮೇಲಿನ ಹಿರಿಯರ ಫೋಟೋ ನೋಡಿ. ಬದುಕಿದ್ದಾಗಲೂ ಇರದಿದ್ದ ಆರೋಗ್ಯ ಅವರ ಕೆನ್ನೆಯಲ್ಲಿ ಕಂಡರೆ, ಅದು ನನ್ನ ಸೋದರಮಾವನ ಕೆಲಸ!

ಮಾವ ಒಂದು ಕಾಲದಲ್ಲಿ ಸ್ಟುಡಿಯೋದವರ ಕಪ್ಪು ಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಾಕುತ್ತಿದ್ದರು. ಈಗ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದಾರೆ. ಬಿಳಿಯನ್ನು ಅವರು ಬಣ್ಣವೆಂದು ಎಂದೂ ಒಪ್ಪಿದವರಲ್ಲ. ಕಳಲೆಯ ರೈತರೊಬ್ಬರು ತೀರಿಕೊಂಡ ತಂದೆಯ ಫೋಟೋ ತಂದು, "ಅಪ್ಪಂದು ಬಿಳೀ ಅಂಗಿ ಕಣ್ರೀ" ಎಂದರಂತೆ. "ಬಿಳೀ ಅಂಗಿಗೆ ನಾನ್ಯಾಕ್ರೀ ಬೇಕು?" ಎಂದು ಮಾವ ನೀಲಿ ಬಳಿದರು. ಈಗ ಆ ಮನೆಯವರು ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ನೀಲಿ ಅಂಗಿಯನ್ನೇ ಇಡುತ್ತಾರೆ. ಅಪ್ಪನಿಗೆ ನೀಲಿಯೆಂದರೆ ಪ್ರಾಣವಂತೆ!

ಇಂಥವರ ಕೈಗೆ ಕಳೆದ ವರ್ಷ ಒಬ್ಬಳು ಇಂಗ್ಲಿಷ್ ದೊರೆಸಾನಿ ಸಿಕ್ಕಿಬಿಟ್ಟಳು. ಟಿ. ನರಸೀಪುರದ ಹಳೇ ಬಂಗಲೆಯೊಂದರ ಚಿತ್ರಪಟದ ಕಟ್ಟುಗಳನ್ನು ಮಾವ ತೇಗದ ಆಸೆಗೆ ಕೊಂಡಿದ್ದರು, ಒಂದರೊಳಗೆ ಈಕೆ. ಗುಂಗುರು ಕೂದಲು, ಬರಿಯ ಭುಜ. ಅತ್ತೆ ಒಮ್ಮೆ ನೋಡಿ, "ಮೊದ್ಲು ಒಂದು ಸೆರಗು ಬರೀರಿ" ಎಂದು ಒಳಗೆ ಹೋದರು.

ಕಲೆಯ ಇತಿಹಾಸ ಓದಿದವಳೆಂದು ನನಗೆ ಕರೆ ಬಂತು. ಇದು ಸುಮಾರು ಇನ್ನೂರು ವರ್ಷದ ಕಲ್ಲಚ್ಚು, ಚಿತ್ರವನ್ನು ಕಲ್ಲಿಗಿಳಿಸಿ, ಅಚ್ಚು ಹಾಕಿ, ಆಮೇಲೆ ಒಂದೊಂದು ಪ್ರತಿಗೂ ಕೈಯಿಂದ ಬಣ್ಣ ಹಾಕುತ್ತಿದ್ದರು ಎಂದೆ. ಮಾವ ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡರು.

"ಎಡಗೆನ್ನೆ ಬಣ್ಣ ಓಗ್ಬುಟ್ಟದೆ. ಎರಡು ಟಚ್ ಕೊಟ್ರೆ ಎದ್ದು ಕೂರ್ತಾಳೆ ಕಣವ್ವ."

"ಮುಟ್ಟಿದ್ರೆ ಹಾಳಾಗುತ್ತೆ ಮಾವ. ಬರೆದವರು ಇಂಗ್ಲೆಂಡಿನ ರಾಜರ ಆಸ್ಥಾನ ಚಿತ್ರಕಾರರು."

"ಇರ್ಲಿ. ನಾನೇನು ಕಮ್ಮಿನಾ?"

ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿಕೊಂಡು ಬಂದೆ. ವಾರದ ನಂತರ ಹೋದಾಗ ಕಟ್ಟಿನ ಗಾಜು ಬಿಚ್ಚಿ ಕೆಳಗಿಟ್ಟಿದ್ದರು. ಮಾವನ ಕೈಯ ಗುಲಾಬಿ ಬಣ್ಣದ ಬ್ರಷ್ಷು ಆ ಎಡಗೆನ್ನೆಯಿಂದ ಎರಡು ಬೆರಳು ದೂರದಲ್ಲಿತ್ತು.

"ಆಣೆ ಏನಾಯ್ತು?"

"ಮುಟ್ಟಿಲ್ವಲ್ಲ! ಅತ್ರ ಅದೆ, ಅಷ್ಟೆ."

ನಾನು ಬ್ರಷ್ಷಿಗೆ ಕೈ ಚಾಚಿದೆ. ಅವರು ಆ ಕೈಗೆ ಭೂತಗನ್ನಡಿ ಕೊಟ್ಟು, "ತುಟಿ ಮೂಲೆ ನೋಡು" ಎಂದರು. ಕೆಂಪು ಬಣ್ಣ ಗೆರೆ ದಾಟಿ, ಕೂದಲೆಳೆಯಷ್ಟು ಆಚೆ ಬಂದಿತ್ತು.

"ಬೆಳಕು ಓದ್ಮೇಲೂ ಕೆಲ್ಸ ಮಾಡ್ಸವ್ರೆ. ಕಣ್ಣು ಸೋತಾಗ ನಂಗೂ ಇಂಗೇ ಆಯ್ತಿತ್ತು. ಯಾರವ್ವ ಇವ್ರು?"

ಚಿತ್ರದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದೆ: ಬರೆದವರ ಹೆಸರು, ಕಲ್ಲಿಗಿಳಿಸಿದವರ ಹೆಸರು, ಅಚ್ಚು ಹಾಕಿದವರ ಹೆಸರು.

"ಬಣ್ಣ ಆಕ್ದೋರ್ದು?"

"ಇಲ್ಲ ಮಾವ."

"ನಂದೂ ಎಲ್ಲೂ ಇಲ್ಲ ಬುಡು. ಎಲ್ಲಾದ್ರ ಮೇಲೂ ಸ್ಟುಡಿಯೋ ಸೀಲೇ."

ಹವಾಮಾನ ಹೇಳುವ ದನಿಯಲ್ಲೇ ಹೇಳಿದರು. ಆಮೇಲೆ ಬ್ರಷ್ಷನ್ನು ನೀರಿನ ಲೋಟಕ್ಕೆ ಅದ್ದಿದರು. ಗುಲಾಬಿ ಬಣ್ಣ ನಿಧಾನವಾಗಿ ಹರಡಿ ಕರಗಿತು. ಕಟ್ಟಿನ ಬೆನ್ನಿಗೆ ಹೊಸ ರಟ್ಟು ಜೋಡಿಸಿ, ನನಗೊಂದು ಪೆನ್ಸಿಲ್ ಕೊಟ್ಟರು.

"ಬರಿ. ಬಣ್ಣ ಆಕ್ದೋರು ಒಬ್ರು ಇದ್ರು, ಚೆನ್ನಾಗಿ ಆಕವ್ರೆ, ಅಂತ."

ನಾನು 'ಬಣ್ಣ' ಎಂದು ಬರೆಯುವಷ್ಟರಲ್ಲಿ ಮಾವ ಕೈ ತಡೆದರು.

"ಇಂಗ್ಲಿಷ್ನಲ್ಲಿ ಬರಿಯವ್ವ. ಪಾಪ, ಅವ್ರು ಓದ್ಕೋಬೇಕಲ್ಲ."