ಬನ್ನಿನ ಸಾಲಿನಲ್ಲಿ ಹುಟ್ಟಿದ ಬಯಕೆ

ಸುಳ್ಳು ಹೇಳುವ ಅಭ್ಯಾಸವಿಲ್ಲದವರು ಸುಳ್ಳು ಹೇಳಬಾರದು. ಒಂದು ಹೇಳಿದ ಗಾಬರಿಯಲ್ಲಿ ಮಿಕ್ಕಿದ್ದನ್ನೆಲ್ಲ ನಿಜವೇ ಹೇಳಿಬಿಡುತ್ತಾರೆ. ಇದು ನನಗೆ ಹೋದ ವಾರ ಗೊತ್ತಾಯಿತು.

ಮಾಗಡಿಯಿಂದ ನಾನು ದಿನವೂ ಕೆಲಸಕ್ಕೆ ಹೋಗುವುದು ಬಿಡದಿಗೆ. ಅಲ್ಲಿ ಮುಚ್ಚಿಹೋಗಿದ್ದ ತೈವಾನ್ ಬನ್ ಅಂಗಡಿ ಮತ್ತೆ ತೆರೆಯಿತು. ಆವಿಯಲ್ಲಿ ಬೆಂದ ಬಿಳಿ ಬನ್, ಒಳಗೆ ಅಣಬೆಯ ಪಲ್ಯ. ತಟ್ಟೆ ಇಡ್ಲಿ ತಿಂದೇ ಬೆಳೆದ ನಮಗೆ ಆವಿಯಲ್ಲಿ ಬೆಂದದ್ದರ ಮೇಲೆ ಅನುಮಾನವಿಲ್ಲ. ಅಂಗಡಿ ಮುಚ್ಚಿದ್ದಾಗ ನಾನು ಆಗಾಗ ಹೋಗಿ ಅದರ ಬೀಗ ನೋಡಿ ಬರುತ್ತಿದ್ದೆ. ಇದನ್ನು ಮನೆಯಲ್ಲಿ ಹೇಳಿಲ್ಲ. ತೆರೆದ ದಿನ ಸಾಲು ಬಸ್ ನಿಲ್ದಾಣದವರೆಗೆ ಬೆಳೆದಿತ್ತು, ಒಳಗೆ ತಟ್ಟೆಗಳು ಖಾಲಿಯಾಗುವುದು ಹೊರಗಿನಿಂದಲೇ ಕಾಣುತ್ತಿತ್ತು. ತಡೆಯಲಾರದೆ, ಮುಂದೆ ನಿಂತಿದ್ದ ವಯಸ್ಸಾದ ಹೆಂಗಸಿಗೆ ಹೇಳಿಬಿಟ್ಟೆ: "ಅಮ್ಮಾ, ಮಗಳು ಬಸ್ರಿ. ಇದೇ ತಿನ್ಬೇಕು ಅಂತಾವ್ಳೆ."

ನಮ್ಮ ಕಡೆ ಬಸುರಿಯ ಬಯಕೆಯನ್ನು ಯಾರೂ ಕಾಯಿಸುವುದಿಲ್ಲ. "ದಾರಿ ಬುಡ್ರಪ್ಪೋ! ಬಸ್ರಿ ಹೆಣ್ಮಗೀಗೆ ಬೇಕಂತೆ!" ಎಂದು ಆಕೆ ಕೂಗಿದರು. ಜನ ಸರಿದರು. ಹಿಂದಿನಿಂದ ಯಾರೋ "ಹೋಗಣ್ಣ, ಬಿರ್ನೆ ಹೋಗು" ಎಂದು ಬೆನ್ನು ತಟ್ಟಿದರು. ಆಕೆ ನನ್ನ ಊರು, ಬೀದಿ ಕೇಳಿದರು, ಸರಿಯಾಗಿಯೇ ಹೇಳಿದೆ. ನನ್ನ ಮಗಳಿಗೆ ಮದುವೆಯೇ ಆಗಿಲ್ಲ, ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ ಎಂಬುದು ನೆನಪಾದದ್ದು ಎರಡನೇ ಬನ್ ತಿನ್ನುವಾಗ.

ಶನಿವಾರ ಬೆಳಗ್ಗೆ ನನ್ನ ಹೆಂಡತಿ ಬಾಗಿಲು ತೆಗೆದರೆ ಸಾಲಿನಲ್ಲಿದ್ದ ಆ ಹೆಂಗಸು ನಿಂತಿದ್ದರು. ನಮ್ಮ ತಾಲ್ಲೂಕಿನ ಕುದೂರಿನವರಂತೆ. ಕೈಯಲ್ಲಿ ಹುಳಿಯನ್ನದ ಡಬ್ಬಿ, ಒಂದು ಮೊಳ ಹೂವು. "ಎಲ್ಲವ್ಳವ್ವಾ ನಿನ್ ಬಸ್ರಿ ಮಗ್ಳು?" ಎಂದರು, ಬೀದಿಗೆಲ್ಲ ಕೇಳುವಂತೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ಆ ಮಾತು ಆ ಕಿಟಕಿ ದಾಟಿದರೆ ಭಾನುವಾರ ಯಾರೂ ಬರುವುದಿಲ್ಲ. ಹೆಂಡತಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಮಗಳೇ ಹೊರಗೆ ಬಂದಳು. ಕಿಟಕಿಯ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದಳು: "ನಂಗಿನ್ನೂ ಮದ್ವೇನೇ ಆಗಿಲ್ಲ ಅಜ್ಜಿ. ಬಯಕೆ ನಮ್ಮಪ್ಪಂಗೆ!"

ಆಕೆ ಕೋಪಿಸಿಕೊಳ್ಳಲಿಲ್ಲ. ಹತ್ತಿರ ಬಂದು, ನನ್ನ ಹೊಟ್ಟೆಯನ್ನು ನಿಧಾನವಾಗಿ ನೋಡಿ, ಡಬ್ಬಿಯನ್ನು ನನ್ನ ಕೈಗೇ ಇಟ್ಟರು.

"ತಿನ್ನಪ್ಪಾ. ಎಷ್ಟ್ ತಿಂಗ್ಳು?"

ಕಿಟಕಿಯವರೂ ನಕ್ಕರು. ಹುಳಿಯನ್ನ ಚೆನ್ನಾಗಿತ್ತು ಎಂದು ಬರೆಯುವುದಕ್ಕೂ ನನಗೆ ನಾಚಿಕೆಯಾಗುತ್ತದೆ.